ಎಡಗೈಗೆ ತಕ್ಕದ್ದು

ಜುಲೈ ೩, ಗುರುವಾರ

ಮೋಹಿನಿಯನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಬಂದೆ. ಕಾರ್ಕಳದಿಂದ ಬಾಡಿಗೆ ಕಾರು. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ ಹತ್ತು ನಿಮಿಷ. ಪಕ್ಷಾಘಾತವಾಗಿ ಇವತ್ತಿಗೆ ಇಪ್ಪತ್ತನಾಲ್ಕು ದಿನ. ಎಲ್ಲರೂ ಸ್ಟ್ರೋಕ್ ಎನ್ನುತ್ತಾರೆ. ಕನ್ನಡದಲ್ಲಿ ಒಳ್ಳೆಯ ಶಬ್ದ ಇರುವಾಗ ಅದೇಕೆ ಎಂದು ತಿದ್ದುವ ಅಭ್ಯಾಸ ನನಗೆ. ಈಗ ತಿದ್ದುವುದಿಲ್ಲ. ಅವಳ ಬಲಗೈ ಬಿದ್ದಿದೆ, ಬಲಗಾಲು ಎಳೆಯುತ್ತದೆ, ಮಾತು ಪೂರ್ತಿ ಹೋಗಿದೆ.

ಮಾತಿನ ತಜ್ಞೆಯ ಹೆಸರು ವಿಭಾ. ದಾವಣಗೆರೆ ಕಡೆಯವರಂತೆ, ನಮ್ಮ ಮಗಳು ಶ್ರೇಯಾಳಿಗಿಂತ ಚಿಕ್ಕವರು. ಎರಡು ಪುಟದ ಫಾರ್ಮ್ ಕೊಟ್ಟರು. ವಯಸ್ಸು, ವಿದ್ಯಾಭ್ಯಾಸ, ಮಾತೃಭಾಷೆ, ಬಳಸುವ ಕೈ. ಎಲ್ಲ ಖಾನೆಗಳನ್ನೂ ದುಂಡಗೆ ತುಂಬಿದೆ: ಐವತ್ತಾರು, ಏಳನೆಯ ತರಗತಿ, ಕನ್ನಡ, ಬಲಗೈ. ಅಕ್ಷರ ಚೆನ್ನಾಗಿದೆ ಸರ್ ಎಂದರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು ಎಂದೆ.

ಆಮೇಲೆ ಆರು ಚಿತ್ರಗಳ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ, "ಅಮ್ಮಾ, ಬೆಕ್ಕು ಯಾವುದು, ತೋರಿಸಿ" ಎಂದು ಕೇಳಿದರು. ನಾಲ್ಕು ಸಲ ಕೇಳಿದರು. ಮೋಹಿನಿ ವಿಭಾ ಅವರ ಬಳೆಗಳನ್ನು ನೋಡುತ್ತಾ ಕುಳಿತಳು. ಬೆಕ್ಕಿನ ಕಾರ್ಡು ಅವಳ ಎಡಗೈಯ ಹತ್ತಿರವೇ ಇತ್ತು.

"ಮೊದಲ ಆರು ತಿಂಗಳಲ್ಲಿ ಬರುವುದೇ ಹೆಚ್ಚು ಸರ್. ಆಮೇಲೆ ಬಹಳ ನಿಧಾನ" ಎಂದರು ವಿಭಾ. ಒಂದು ಟ್ಯಾಬ್ ಕೊಳ್ಳಲು ಹೇಳಿದರು. ಅದರಲ್ಲಿ ಚಿತ್ರಗಳಿರುತ್ತವೆ. ಮುಟ್ಟಿದರೆ ನಾವು ಧ್ವನಿಮುದ್ರಿಸಿದ ಮಾತು ಕೇಳಿಸುತ್ತದೆ. ಯಾವುದು ಕೊಳ್ಳಲಿ ಎಂದರೆ, ಮಧ್ಯಮದ್ದು ಸಾಕಾಗಬಹುದು, ಮೇಲ್ದರ್ಜೆಯದ್ದೇ ಬೇಕಾದರೆ ರಿಫರ್ಬಿಶ್ಡ್ ನೋಡಿ ಎಂದರು. ಸಾಕಾಗಬಹುದು ಎನ್ನುವುದು ಉತ್ತರವಲ್ಲ. ವಿಚಾರಿಸಬೇಕು.

ಜುಲೈ ೫, ಶನಿವಾರ

ಶ್ರೇಯಾ ಬಂದಿದ್ದಳು. ನಿಟ್ಟೆಯ ಹಾಸ್ಟೆಲಿನಲ್ಲಿ ಅವಳು ವಾರ್ಡನ್, ಶನಿವಾರ ಮಾತ್ರ ಬಿಡುವು. ತಾಯಿಯ ಹತ್ತಿರ ಅವಳನ್ನು ಕೂರಿಸಿ ನಾನು ಉಡುಪಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಜೆಫ್ರಿಯ ಅಂಗಡಿ. ನನ್ನ ಶಿಷ್ಯ. ಹತ್ತನೆಯ ತರಗತಿಯಲ್ಲಿ ಕನ್ನಡದಲ್ಲಿ ಮೂವತ್ತಾರು.

"ರಿಫರ್ಬಿಶ್ಡ್ ಅಂದರೆ ಸೆಕೆಂಡ್ ಹ್ಯಾಂಡ್ ಅಲ್ಲ ಮಾಸ್ಟ್ರೇ. ಬಿಚ್ಚಿ, ನೋಡಿ, ಬೇಕಾದ್ದು ಬದಲಿಸಿ ಕೊಡುವುದು. ಎರಡು ಉಂಟು ನಿಮಗೆ. ನೋಡಿ."

ಒಂದನೆಯದು ಮಧ್ಯಮ ದರ್ಜೆ. ಹತ್ತು ಇಂಚು, ಮೂರು ವರ್ಷ ಹಳೆಯದು, ಮೂಲೆಯಲ್ಲಿ ಉಗುರಿನಷ್ಟು ಗೀರು, ಆರು ತಿಂಗಳ ವಾರಂಟಿ. ಚಿತ್ರ ಮುಟ್ಟಿದ ಮೇಲೆ ಒಂದು ಕ್ಷಣ ಯೋಚಿಸುತ್ತದೆ. ಎರಡನೆಯದು ಮೇಲ್ದರ್ಜೆ. ಸುಮಾರು ಹದಿಮೂರು ಇಂಚು, ಗೀರಿಲ್ಲ, ನಾಲ್ಕು ಸ್ಪೀಕರ್, ಒಂದು ವರ್ಷದ ವಾರಂಟಿ. ಮುಟ್ಟುವ ಮುಂಚೆಯೇ ಓಗೊಡುವ ಹಾಗಿದೆ. ಬೆಲೆ ಒಂದನೆಯದರ ಸುಮಾರು ಮೂರು ಪಟ್ಟು.

"ಅಮ್ಮನಿಗೆ ಮಾತಾಡಲಿಕ್ಕೆ ಅಲ್ವಾ? ಚಿಕ್ಕದೇ ಸಾಕು ಮಾರಾಯ್ರೆ" ಎಂದ. ತನಗೆ ಲಾಭ ಕಡಿಮೆಯಾಗುವ ಸಲಹೆ ಕೊಡುವ ವ್ಯಾಪಾರಿಯನ್ನು ನಂಬಬೇಕೋ ಸಂಶಯಿಸಬೇಕೋ ತಿಳಿಯಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಬಂದೆ.

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಎರಡು ಕಂಬ ಎಳೆದೆ. ಪರದೆ, ವೇಗ, ಧ್ವನಿ, ಬ್ಯಾಟರಿ, ವಾರಂಟಿ, ಬೆಲೆ, ಹಿಂದಿರುಗಿಸುವ ಅವಧಿ. ಒಟ್ಟು ಹನ್ನೊಂದು ಖಾನೆ. ತುಂಬಿಸುವಾಗ ಹೊತ್ತು ಹೋದದ್ದು ತಿಳಿಯಲಿಲ್ಲ.

ಜುಲೈ ೬, ಭಾನುವಾರ

ಗಂಜಿ. ಮಾತ್ರೆ. ವ್ಯಾಯಾಮ. ಗಂಜಿ. ಮೋಹಿನಿ ಗೋಡೆ ನೋಡಿದಳು.

ಜುಲೈ ೯, ಬುಧವಾರ

ಮಧ್ಯಮ ದರ್ಜೆಯದ್ದನ್ನು ತಂದೆ. ಮಧ್ಯಾಹ್ನವಿಡೀ ಚಿತ್ರಗಳನ್ನು ಜೋಡಿಸಿ ಧ್ವನಿ ತುಂಬಿದೆ. ನಲವತ್ತೆಂಟು ಚಿತ್ರ. "ನನಗೆ ಬಾಯಾರಿಕೆಯಾಗಿದೆ." "ನನಗೆ ಹಸಿವಾಗಿದೆ." "ದಯವಿಟ್ಟು ದೀಪ ಆರಿಸಿ." ಒಂದೊಂದನ್ನೂ ಎರಡು ಸಲ ಹೇಳಿ, ಹಕಾರ ಅಕಾರ ನಿಖರವಾಗಿ ಬಂದದ್ದನ್ನು ಉಳಿಸಿದೆ. ಶ್ರೇಯಾಳ ಫೋಟೋ ಹಾಕಿ "ಮಗಳು" ಎಂದೆ. ನನ್ನ ಫೋಟೋಕ್ಕೆ ಏನು ಹೇಳುವುದೆಂದು ತೋಚದೆ "ಯಜಮಾನರು" ಎಂದು ಹಾಕಿದೆ. ಮೋಹಿನಿ ನನ್ನನ್ನು ಹೆಸರು ಹಿಡಿದು ಕರೆದವಳಲ್ಲ. ಯಾವ ಹೆಂಡತಿಯೂ ಕರೆಯುತ್ತಿರಲಿಲ್ಲ, ನಮ್ಮ ಕಾಲದಲ್ಲಿ. "ಕೇಳಿದಿರಾ" ಎನ್ನುತ್ತಿದ್ದಳು. ಅದನ್ನು ಚಿತ್ರದ ಕೆಳಗೆ ಬರೆಯಲಾಗುವುದಿಲ್ಲ.

ಏಜೆನ್ಸಿಯವರು ಕಳಿಸಿದ ಹೋಮ್ ನರ್ಸ್ ಹಾವೇರಿಯ ಹೆಂಗಸು. ಅವಳು ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿ, "ರೇಡಿಯೋದಾಗ ವಾರ್ತೆ ಓದಿದಂಗೈತ್ರಿ ಸರ" ಎಂದಳು. ಹೊಗಳಿಕೆ ಎಂದುಕೊಂಡೆ.

ಜುಲೈ ೧೨, ಶನಿವಾರ

ಮೂರು ದಿನದಲ್ಲಿ ಮೋಹಿನಿ ಟ್ಯಾಬ್ ಮುಟ್ಟಿದ್ದು ಒಂದು ಸಲ. ಅದೂ ದೂರ ತಳ್ಳಲು.

ನನಗೆ ಅನುಮಾನ ಆ ಒಂದು ಕ್ಷಣದ ಮೇಲೆ. ಮುಟ್ಟುವುದಕ್ಕೂ ಮಾತು ಬರುವುದಕ್ಕೂ ನಡುವೆ ವಿಳಂಬವಿದೆ. ಗಡಿಯಾರ ಹಿಡಿದು ಅಳೆದೆ. ಸುಮಾರು ಮುಕ್ಕಾಲು ಸೆಕೆಂಡ್. ಮೆದುಳಿಗೆ ಪೆಟ್ಟು ಬಿದ್ದವರಿಗೆ ಮುಕ್ಕಾಲು ಸೆಕೆಂಡ್ ಬಹಳ. ಮುಟ್ಟಿದ್ದಕ್ಕೂ ಮಾತಿಗೂ ಸಂಬಂಧವಿದೆ ಎಂದೇ ಅವರಿಗೆ ತಿಳಿಯಲಿಕ್ಕಿಲ್ಲ. ಶ್ರೇಯಾ, "ಪಪ್ಪ, ಅಮ್ಮ ಒಮ್ಮೆಯಾದರೂ ಒತ್ತಿದ್ದರೆ ಅಲ್ವಾ ತಡ ಅಂತ ಗೊತ್ತಾಗುವುದು?" ಎಂದಳು.

ಜುಲೈ ೧೯, ಶನಿವಾರ

ಕಾಪುವಿನಿಂದ ಕುಶಲಾ ಫೋನ್ ಮಾಡಿದಳು. ಮೋಹಿನಿಯ ತಂಗಿ, ಮೀನು ಮಾರ್ಕೆಟಿನಲ್ಲಿ ಕೂರುವವಳು. ಅವಳ ದನಿ ಕೇಳಲು ಫೋನ್ ಬೇಕಿಲ್ಲ ಎಂದು ನಾನು ಮೊದಲೆಲ್ಲ ಛೇಡಿಸುತ್ತಿದ್ದೆ. ಆಸ್ಪತ್ರೆಯಲ್ಲಿ ಅಕ್ಕನಿಗೆ ಪ್ರಜ್ಞೆ ಇಲ್ಲದಾಗ ಬಂದು, ವಾರ್ಡಿನಲ್ಲಿ ದೊಡ್ಡದಾಗಿ ಅತ್ತು ಹೋದಳು. ಆಮೇಲೆ ನಾನೇ ಸ್ವಲ್ಪ ದಿನ ಯಾರೂ ಬರಬೇಡಿ ಎಂದು ಎಲ್ಲ ನೆಂಟರಿಗೂ ಹೇಳಿದ್ದೇನೆ. ರೋಗಿಗೆ ಶಾಂತಿ ಬೇಕು.

"ಟ್ಯಾಬ್ ಬದಲು ಮಾಡ್ತೀರಂತೆ ಭಾವ? ಆಟಿ ಶುರುವಾಯಿತಲ್ಲ, ಈ ತಿಂಗಳು ಹೊಸತು ಎಂತ ತೆಗೆಯಬೇಡಿ."

"ಅದು ಹೊಸತಲ್ಲ. ರಿಫರ್ಬಿಶ್ಡ್."

ಅವಳ ಶಾಸ್ತ್ರದಲ್ಲಿ ಇದಕ್ಕೆ ಜಾಗವಿರಲಿಲ್ಲ ಎಂದು ಕಾಣುತ್ತದೆ. ಆಮೇಲೆ, "ಅಕ್ಕನ ಕೈಗೆ ಫೋನ್ ಕೊಡಿ" ಎಂದಳು. ಮಾತು ಬರುವುದಿಲ್ಲ ಅಲ್ಲವೇ ಎಂದೆ. "ಅವಳಿಗೆ ಬರುವುದಿಲ್ಲ, ನನಗೆ ಬರುತ್ತದಲ್ಲ" ಎಂದಳು. ಮಲಗಿದ್ದಾಳೆ ಎಂದು ಇಟ್ಟುಬಿಟ್ಟೆ. ಮಲಗಿರಲಿಲ್ಲ.

ಜುಲೈ ೨೨, ಮಂಗಳವಾರ

ಮಧ್ಯಮದ್ದನ್ನು ಹಿಂದಿರುಗಿಸಿ ಮೇಲ್ದರ್ಜೆಯದ್ದನ್ನು ತಂದೆ. ಜೆಫ್ರಿ ಗಾಜು ಒರೆಸಿ ಕೊಟ್ಟ.

ಇದು ನಿಜಕ್ಕೂ ಒಳ್ಳೆಯ ವಸ್ತು. ಬಣ್ಣಗಳು ಕಣ್ಣಿಗೆ ಹಿತ. ದನಿ ಕೋಣೆ ತುಂಬ ಕೇಳಿಸುತ್ತದೆ. ಹಳೆಯ ಟ್ಯಾಬಿನಲ್ಲಿ ನನ್ನ ಗಂಟಲು ಕಟ್ಟಿದಂತಿತ್ತು, ಇದರಲ್ಲಿ ಪ್ರತಿ ಒತ್ತಕ್ಷರವೂ ಬಿಡಿಬಿಡಿಯಾಗಿದೆ. ಮುಟ್ಟಿದೊಡನೆ "ನನಗೆ ಬಾಯಾರಿಕೆಯಾಗಿದೆ." ವಿಳಂಬವೇ ಇಲ್ಲ. ಹತ್ತಾರು ಸಲ ಒತ್ತಿ ನೋಡಿದೆ. ನನಗೆ ಬಾಯಾರಿಕೆಯಾಗಿರಲಿಲ್ಲ.

ಜುಲೈ ೨೬, ಶನಿವಾರ

ಮೋಹಿನಿ ಎಡಗೈಯಿಂದ ಟ್ಯಾಬನ್ನು ಬೋರಲು ಹಾಕಿದಳು. ನಾನು ಮಗುಚಿಟ್ಟೆ. ಅವಳು ಮತ್ತೆ ಬೋರಲು ಹಾಕಿದಳು. ಹನ್ನೊಂದು ಸಲ. ಹನ್ನೆರಡನೆಯ ಸಲ ಅವಳ ಕೈ ಸೋತಿತು. ನಾನೇ ಬೋರಲು ಹಾಕಿದೆ.

ಜುಲೈ ೨೯, ಮಂಗಳವಾರ

ಏನೂ ಇಲ್ಲ.

ಆಗಸ್ಟ್ ೩, ಭಾನುವಾರ

ಕುಶಲಾ ಹೇಳದೆ ಕೇಳದೆ ಬಂದಳು. ಕೈಯಲ್ಲಿ ಪತ್ರೊಡೆಯ ಡಬ್ಬಿ. ಗೇಟು ತೆರೆಯುವ ಮುಂಚೆಯೇ ರಸ್ತೆಯಿಂದ "ಅಕ್ಕಾ! ಓಲುಲ್ಲ?" ಎಂದು ಕೂಗು. ಅಕ್ಕಾ, ಎಲ್ಲಿದ್ದಿ.

ಹೊರಗೆ ಹೋಗಿ ತಡೆಯಬೇಕೆಂದು ಎದ್ದೆ. ಏಳುವಾಗ ಮೋಹಿನಿಯ ಮುಖ ಕಾಣಿಸಿತು. ಅವಳು ಬಾಗಿಲಿನ ಕಡೆ ತಿರುಗಿದ್ದಳು. ಈ ಐವತ್ತೈದು ದಿನಗಳಲ್ಲಿ ನಾನು ಕರೆದದ್ದಕ್ಕೆ ಅವಳು ತಿರುಗಿದ್ದಿಲ್ಲ.

ಕುಶಲಾ ಒಳಗೆ ಬಂದವಳು ಅಕ್ಕನ ಎದುರು ನೆಲದಲ್ಲೇ ಕುಕ್ಕರಿಸಿದಳು. ಅಳಲಿಲ್ಲ. ತುಳುವಿನಲ್ಲಿ ಒಂದೇ ಸಮ ಮಾತು. "ಬಡವಾಪುಂಡಾ?" ಎಂದು ಕೇಳಿದಳು, ಹಸಿವಾಗುತ್ತದಾ ಎಂದು. ಮೋಹಿನಿ ತಲೆ ಆಡಿಸಿದಳು. ಹೌದೆಂದು. "ಚಾ ಬೋಡಾ?" ಎಂದಳು. ಬೇಡವೆಂದು ಆಡಿಸಿದಳು. ಯಾರ ಮಗಳಿಗೋ ಮದುವೆ ನಿಶ್ಚಯವಾದ ಸುದ್ದಿ ಹೇಳಿದಳು. ಮೋಹಿನಿ ಹುಬ್ಬು ಏರಿಸಿದಳು, ಎಡಗಡೆಯದ್ದು. ಪತ್ರೊಡೆ ಎರಡು ತುಂಡು ತಿಂದಳು. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ.

ಮೂರು ಗಂಟೆಗೆ ಕುಶಲಾ ಹೋದಳು. ಹೋಮ್ ನರ್ಸ್ ಬಟ್ಟೆ ಒಗೆಯುತ್ತಿದ್ದಳು. ವಿಭಾ ಅವರು ಅಭ್ಯಾಸಕ್ಕೆ ಕೊಟ್ಟಿದ್ದ ಆರು ಕಾರ್ಡುಗಳನ್ನು ಮೋಹಿನಿಯ ಮಡಿಲಲ್ಲಿ ಹರಡಿದೆ. "ಬೆಕ್ಕು ಯಾವುದು?" ಎಂದೆ. ಅವಳು ಗೋಡೆ ನೋಡಿದಳು. ನಾನು ಬಾಗಿಲು ಮುಂದೆ ಮಾಡಿ ಬಂದು, ಮೆಲ್ಲಗೆ, "ಪುಚ್ಚೆ ಓಲುಂಡು?" ಎಂದೆ.

ಮೋಹಿನಿ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬೆಕ್ಕಿನ ಮೇಲೆ ಬೆರಳಿಟ್ಟಳು.

"ಇಲ್ಲ್?" ಮನೆಯ ಮೇಲೆ ಬೆರಳು. "ಓಡ?" ದೋಣಿಯ ಮೇಲೆ. ಆರಕ್ಕೆ ಆರು. ಆಮೇಲೆ ನಕ್ಕಳು. ಬಾಯಿ ಒಂದೇ ಕಡೆಯಿಂದ ಏರಿತು. ನನ್ನ ಉಚ್ಚಾರ ಕೇಳಿ ನಕ್ಕದ್ದೋ ಏನೋ.

ಮದುವೆಯಾಗಿ ಬಂದ ವಾರದಲ್ಲೇ ನಾನು ಅವಳಿಗೆ ಹೇಳಿದ್ದೆ, ನಮ್ಮ ಮನೆಯಲ್ಲಿ ಕನ್ನಡ ಎಂದು. ಹುಟ್ಟುವ ಮಕ್ಕಳ ಸಲುವಾಗಿ ಎಂದಿದ್ದೆ. ಅದು ಪೂರ್ತಿ ನಿಜವಲ್ಲ. ಶಾಲೆಯಲ್ಲಿ ತುಳು ಮಾತಾಡಿದ್ದಕ್ಕೆ ಕೊರಳಿಗೆ ಹಲಗೆ ಹಾಕಿಸಿಕೊಂಡು ನಿಂತವನು ನಾನು. ಮೀನಿನವರ ಹುಡುಗ ಕನ್ನಡ ಪಂಡಿತನಾದ ಮೇಲೆ ಮನೆಯೊಳಗೆ ಆ ವಾಸನೆ ಬೇಡವಾಗಿತ್ತು. ಮೋಹಿನಿ ಒಪ್ಪಿದಳು. ಮೂವತ್ತೊಂದು ವರ್ಷ ನನ್ನೊಡನೆ, ಮಗಳೊಡನೆ ಕನ್ನಡದಲ್ಲೇ ಮಾತಾಡಿದಳು. ತಪ್ಪು ಮಾಡಿದಾಗ ತಿದ್ದಿದ್ದೇನೆ, ನೆಂಟರ ಎದುರಿಗೂ. ಕೊನೆಕೊನೆಗೆ ಕಡಿಮೆ ಮಾತಾಡುತ್ತಿದ್ದಳು. ಅದು ಅವಳ ಸ್ವಭಾವ ಎಂದುಕೊಂಡಿದ್ದೆ.

ನನಗೆ ನಾಚಿಕೆಯಾಗುತ್ತಿದೆ. ಬೇರೆ ಶಬ್ದ ಹುಡುಕಬೇಕಾಗಿಲ್ಲ.

ಆಗಸ್ಟ್ ೭, ಗುರುವಾರ

ಮಣಿಪಾಲ. ವಿಭಾ ಅವರಿಗೆ ಹೇಳಿದೆ. ಅವರು ಕಡತ ತೆಗೆದು ನನ್ನ ಫಾರ್ಮ್ ನೋಡಿದರು. "ನಾನು ಬಾಯಿಯಲ್ಲೂ ಕೇಳಿದ್ದೆ ಸರ್, ಮನೆಯಲ್ಲಿ ಯಾವ ಭಾಷೆ ಅಂತ." ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು. ಕನ್ನಡ ಎಂಬುದನ್ನು ಹೊಡೆದು ತುಳು ಎಂದು ಬರೆದೆ. ಈ ಊರಿನಲ್ಲಿ ಯಾವ ಫಾರ್ಮ್ ಕೊಟ್ಟರೂ ನಾವೆಲ್ಲ ಆ ಖಾನೆಯಲ್ಲಿ ಬರೆಯುವುದು ಕನ್ನಡವೇ. ನನ್ನ ಸಾವಿರಾರು ವಿದ್ಯಾರ್ಥಿಗಳ ಹೆಸರಿನೆದುರು ನಾನೇ ಬರೆದಿದ್ದೇನೆ.

"ಪೆಟ್ಟು ಬಿದ್ದಾಗ ಆಮೇಲೆ ಕಲಿತ ಭಾಷೆ ಪೂರ್ತಿ ಹೋಗಿ, ಮೊದಲು ಕಲಿತದ್ದು ಸ್ವಲ್ಪ ಉಳಿದಿರುವುದು ಉಂಟು" ಎಂದರು. ಎಲ್ಲವನ್ನೂ ತುಳುವಿನಲ್ಲಿ ಮತ್ತೆ ತುಂಬಬೇಕು, ಹೆಂಗಸಿನ ದನಿಯಾದರೆ ಒಳ್ಳೆಯದು, ಚಿತ್ರಗಳು ಹನ್ನೆರಡು ಸಾಕು. ಒಂದು ಚಿತ್ರ ಒತ್ತುವುದು ಮೊದಲ ಮೆಟ್ಟಿಲು. ಎರಡನ್ನು ಸೇರಿಸಿ ಒತ್ತಿದರೆ ಅದು ವಾಕ್ಯ, ದೊಡ್ಡ ಗೆಲುವು. ಎರಡು ತಿಂಗಳು ಹೋಯಿತಲ್ಲ ಎಂದೆ. ನಾಲ್ಕು ಉಳಿದಿದೆ ಸರ್ ಎಂದರು.

ಆಮೇಲೆ ಮೋಹಿನಿಯ ಎಡಗೈಗೆ ಟ್ಯಾಬ್ ಕೊಟ್ಟು ಎತ್ತಲು ಹೇಳಿದರು. ಅವಳಿಂದ ಎತ್ತಲಾಗಲಿಲ್ಲ. "ಇದು ಭಾರ. ಇವರು ಒಂದೇ ಕೈಯಲ್ಲಿ ಹಿಡಿದು ಮಡಿಲಿಗೆ ಎಳೆದುಕೊಳ್ಳಬೇಕು. ಹತ್ತು ಇಂಚಿನದು ಸಿಕ್ಕಿದರೆ ನೋಡಿ."

ನನ್ನ ಹನ್ನೊಂದು ಖಾನೆಗಳಲ್ಲಿ ತೂಕ ಎಂಬ ಖಾನೆಯೇ ಇರಲಿಲ್ಲ.

ಆಗಸ್ಟ್ ೧೦, ಭಾನುವಾರ

ಬೆಳಿಗ್ಗೆ ಉಡುಪಿ. ಮಧ್ಯಮದ್ದು ಇನ್ನೂ ಕಪಾಟಿನಲ್ಲೇ ಇತ್ತು, ಅದೇ ಗೀರು. ಹಿಂದಿರುಗಿಸುವ ಅವಧಿ ಮುಗಿದಿದೆ ಎಂದು ನಾನೇ ಹೇಳಿದೆ. "ಇರಲಿ ಮಾಸ್ಟ್ರೇ, ಮೂವತ್ತಾರು ಕೊಟ್ಟು ಪಾಸ್ ಮಾಡಿದ್ದೀರಿ ನನ್ನನ್ನು" ಎಂದು ಜೆಫ್ರಿ ನಕ್ಕ.

ಅಲ್ಲಿಂದ ಕಾಪು ಮಾರ್ಕೆಟ್. ಕುಶಲಾಳಿಗೆ ಪುರಸೊತ್ತಿರಲಿಲ್ಲ. ಗಿರಾಕಿಗಳ ನಡುವೆಯೇ ಹೇಳುತ್ತ ಹೋದಳು. ಅವಳ ಕೈ ಒದ್ದೆ, ಹಾಗಾಗಿ ನಾನು ಒತ್ತಿ ಹಿಡಿಯುವುದು, ಅವಳು ಬಗ್ಗಿ ಮಾತಾಡುವುದು. ಬೇಕು ಎನ್ನಲು ಬೋಡು. ಬೇಡ ಎನ್ನಲು ಬೊಡ್ಚಿ. ಬಡವು, ಬೇನೆ, ನೀರ್, ಅನ್ನಕ್ಕೆ ನುಪ್ಪು. ಬಾ ಎನ್ನಲು ಬಲ, ಹೋಗು ಎನ್ನಲು ಪೋಲ, ಕೂತುಕೋ ಎನ್ನಲು ಕುಲ್ಲು. ಪ್ರತಿ ಮಾತಿನ ಹಿಂದೆಯೂ ಮಾರ್ಕೆಟಿನ ಗದ್ದಲ. ಯಾರೋ ಬಂಗುಡೆಗೆ ಚೌಕಾಸಿ ಮಾಡುವುದು, ಕಾಗೆ, ಮಂಜುಗಡ್ಡೆ ಒಡೆಯುವುದು. ಮೌನವಾದ ಜಾಗದಲ್ಲಿ ಇನ್ನೊಮ್ಮೆ ಮಾಡೋಣವೇ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಕುಶಲಾಳ ದನಿ ಅಕ್ಕನ ದನಿಯೇ. ಇಷ್ಟು ವರ್ಷ ಗಮನಿಸಿರಲಿಲ್ಲ, ಒಬ್ಬಳು ಕೂಗುತ್ತಿದ್ದಳು, ಇನ್ನೊಬ್ಬಳು ಸುಮ್ಮನಿರುತ್ತಿದ್ದಳು.

ಉಳಿದದ್ದು ಮೂರು ಫೋಟೋ. ಶ್ರೇಯಾ, ಕುಶಲಾ, ನಾನು.

"ನಿಮಗೆ ಎಂತ ಹೇಳುವುದು ಭಾವ?"

"ಅವಳು ನಿಮ್ಮೊಡನೆ ನನ್ನನ್ನು ಏನೆಂದು ಹೇಳುತ್ತಿದ್ದಳು?"

"ಮಾಸ್ಟ್ರು."

ಪಕ್ಕದ ಬುಟ್ಟಿಯ ಹೆಂಗಸರು ನಕ್ಕರು. ಅದು ಬೇಡ ಎಂದೆ. ಯಜಮಾನರು ಎನ್ನಲು ಕುಶಲಾ ಒಪ್ಪಲಿಲ್ಲ. "ಚಿಕ್ಕದು ಬೇಕು, ಅಲ್ವಾ? ಹೆಸರೇ ಹಾಕುವ. ಹೆಸರು ಹೇಳಬಾರದು ಅಂತ ಇರುವುದು ಬಾಯಿಗೆ. ಮಿಷನ್ನಿಗೆ ಎಂತದು?" ಬಗ್ಗಿ, ಎರಡು ಬುಟ್ಟಿ ಆಚೆಯವನನ್ನು ಕರೆಯುವ ಹಾಗೆ, "ಚೆನ್ನಪ್ಪ!" ಎಂದಳು. ನನ್ನ ತಾಯಿ ಹೋದ ಮೇಲೆ ಆ ಹೆಸರನ್ನು ಬಾಲವಿಲ್ಲದೆ ಯಾರೂ ಕರೆದಿಲ್ಲ.

ಆಗಸ್ಟ್ ೧೪, ಗುರುವಾರ

ಒತ್ತಿದಳು.

ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ, ಗಂಜಿಯ ಬಟ್ಟಲು ಮುಂದಿಟ್ಟಾಗ. "ಬೊಡ್ಚಿ." ನಾನೂ ಹೋಮ್ ನರ್ಸೂ ಮುಖ ಮುಖ ನೋಡಿಕೊಂಡೆವು. ಬಟ್ಟಲು ತೆಗೆದೆ. ರೇಡಿಯೋ ಹಾಕಿದೆ. "ಬೊಡ್ಚಿ." ಆರಿಸಿದೆ. ಹಣೆಗೆ ಕುಂಕುಮ ಇಡಲು ಹೋದೆ. "ಬೊಡ್ಚಿ." ಸಂಜೆಯವರೆಗೆ ಇಪ್ಪತ್ತಾರು ಸಲ. ಒತ್ತಿದ ಮೇಲೆ ಆ ಮುಕ್ಕಾಲು ಸೆಕೆಂಡ್ ಅವಳು ತಲೆ ಎತ್ತಿ ನನ್ನ ಮುಖ ನೋಡುತ್ತಾಳೆ, ಮಾತು ಬಂದು ತಲುಪಿತೇ ಎಂದು. ಗಂಜಿ ಅವಳಿಗೆ ಇಷ್ಟವಿಲ್ಲ. ಯಾವತ್ತೂ ಇಷ್ಟವಿರಲಿಲ್ಲವೋ ಏನೋ.

ಆಗಸ್ಟ್ ೧೯, ಮಂಗಳವಾರ

ಎರಡು ಚಿತ್ರ ಸೇರಿಸಿ ಒತ್ತಿದಳು. ಬೆಳಿಗ್ಗೆ ಹನ್ನೊಂದಕ್ಕೆ. ನಾನು ಪಕ್ಕದಲ್ಲಿ ಕುಳಿತು ಕಾರ್ಡುಗಳನ್ನು ತೋರಿಸುತ್ತಿದ್ದೆ, ಮೂರನೆಯ ಸುತ್ತು.

"ಚೆನ್ನಪ್ಪ. ಬೊಡ್ಚಿ."

ತಪ್ಪಿ ಒತ್ತಿರಬಹುದೆಂದು ಕಾದೆ. ಮತ್ತೆ ಅದೇ ಕ್ರಮದಲ್ಲಿ ಒತ್ತಿದಳು. ಕಾರ್ಡುಗಳನ್ನು ಜೋಡಿಸಿ ಪೆಟ್ಟಿಗೆಗೆ ಹಾಕಿ ಹೊರಗೆ ಬಂದೆ. ವಿಭಾ ಅವರಿಗೆ ಫೋನ್ ಮಾಡಿ, ಎರಡು ಪದ ಬಂದಿದೆ, ಸ್ವಂತದ್ದು, ಎರಡು ಸಲ ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಯಾವ ಪದ ಸರ್ ಎಂದರು. ಹೇಳಿದೆ. "ಅಮ್ಮನಿಗೆ ಆಗ ಸುಸ್ತಾಗಿರಬಹುದು" ಎಂದರು. ವಾಕ್ಯ ಸರಿಯಾಗಿದೆಯಲ್ಲವೇ ಎಂದೆ. ಸರಿಯಾಗಿದೆ ಎಂದರು.

ಮಧ್ಯಾಹ್ನ ಊಟ ಸೇರಲಿಲ್ಲ.

ಆಗಸ್ಟ್ ೨೨, ಶುಕ್ರವಾರ

"ಕುಶಲಾ. ಬೋಡು." ಮೂರು ದಿನದಿಂದ ಇದೇ. ಕುಶಲಾ ಬೇಕು.

ಕಾಪುವಿಗೆ ಕರೆದುಕೊಂಡು ಹೋಗಿ ಬಿಟ್ಟುಬಂದೆ. ಶ್ರೇಯಾ ಫೋನಿನಲ್ಲಿ ಜಗಳ ಮಾಡಿದಳು. "ಚಿಕ್ಕಮ್ಮನ ಮನೆಯಲ್ಲಿ ಬಾತ್‌ರೂಮ್ ಹೊರಗೆ ಪಪ್ಪ. ನಾಲ್ಕು ತಿಂಗಳು ಅಮ್ಮ ಅಲ್ಲಿ ಹೇಗೆ ಇರುವುದು?" ಅವಳು ಬೇಕು ಎಂದಿದ್ದಾಳೆ ಎಂದೆ. "ನೀವು ಯಾವಾಗಿನಿಂದ ಅಮ್ಮ ಹೇಳಿದ್ದು ಕೇಳಲಿಕ್ಕೆ ಶುರು ಮಾಡಿದ್ದು?" ಎಂದಳು. ಸಿಟ್ಟಿನಲ್ಲಿ ಅಂದದ್ದು. ಸರಿಯಾದ ಪ್ರಶ್ನೆ. ಹದಿನಾಲ್ಕನೆಯ ತಾರೀಕಿನಿಂದ ಎಂದೆ.

ಹೋಮ್ ನರ್ಸನ್ನೂ ಜೊತೆಗೆ ಕಳಿಸಿದ್ದೇನೆ. ಬಾಗಿಲಿನ ಮೆಟ್ಟಿಲಿಗೆ ಹಲಗೆ ಹಾಕಿಸಲು ಒಬ್ಬರಿಗೆ ಹೇಳಿ ಬಂದೆ. ನಾನು ಹೊರಡುವಾಗ ಮೋಹಿನಿ ಟ್ಯಾಬ್ ಕಡೆ ಕೈ ಚಾಚಲಿಲ್ಲ.

ಆಗಸ್ಟ್ ೨೫, ಸೋಮವಾರ

ಒಬ್ಬನಿಗೇ ಅಡಿಗೆ. ಗಂಜಿ ಮಾಡಿದೆ. ನನಗೂ ಬೊಡ್ಚಿ.

ಸೆಪ್ಟೆಂಬರ್ ೭, ಭಾನುವಾರ

ಮೂರನೆಯ ಭೇಟಿ. ಬೆಳ್ಮಣ್ ಮಾರ್ಗದ ಬಸ್ಸಿನಲ್ಲಿ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಕಂಡಕ್ಟರನೊಡನೆ ತುಳುವಿನಲ್ಲಿ ಮಾತಾಡಿ ನೋಡಿದೆ, ಅಭ್ಯಾಸಕ್ಕೆ. ನನ್ನನ್ನು ಹೊರ ಊರಿನವನು ಕಲಿತು ಮಾತಾಡುವುದು ಎಂದುಕೊಂಡು, ಚೆನ್ನಾಗಿ ಮಾತಾಡ್ತೀರಿ ಎಂದು ಕನ್ನಡದಲ್ಲಿ ಹೊಗಳಿದ.

ಮೋಹಿನಿ ದಪ್ಪವಾಗಿದ್ದಾಳೆ. ಮೀನು ತಿನ್ನುತ್ತಾಳೆ. ಅಂಗಳಕ್ಕೆ ಬಂದವರೆಲ್ಲ ಅವಳೊಡನೆ ಮಾತಾಡಿಯೇ ಹೋಗುವುದು. ಅವಳು ಒತ್ತುತ್ತಾಳೆ, ಅವರು ನಗುತ್ತಾರೆ. "ಅಂದ್" ಎಂದು ಬಾಯಿಂದಲೇ ಹೇಳುತ್ತಾಳೆ ಈಗ, ಹೌದು ಎಂದು. ಟ್ಯಾಬಿನ ಗೀರಿನೊಳಗೆ ಮೀನಿನ ಹುರುಪೆ ಸಿಕ್ಕಿಕೊಂಡಿತ್ತು. ಬಟ್ಟೆಯ ತುದಿಯಿಂದ ತೆಗೆದೆ. ನಾನಿದ್ದ ನಾಲ್ಕು ಗಂಟೆಗಳಲ್ಲಿ ನನ್ನ ಫೋಟೋವನ್ನು ಒಮ್ಮೆಯೂ ಒತ್ತಲಿಲ್ಲ. ಹೋಗು ಎಂದೂ ಹೇಳಲಿಲ್ಲ.

ಸೆಪ್ಟೆಂಬರ್ ೧೫, ಸೋಮವಾರ

ನಿನ್ನೆಯೂ ಹೋಗಿದ್ದೆ. ಹಲಗೆಯ ಮೇಲೆ ಅವಳನ್ನು ನಡೆಸಿದೆ, ಹದಿನಾಲ್ಕು ಹೆಜ್ಜೆ. ಮಾತು ಹುಡುಕಿದೆ, ಸಿಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ನಾವು ಇಬ್ಬರೇ ಕುಳಿತು ಏನು ಮಾತಾಡುತ್ತಿದ್ದೆವೆಂದು ನೆನಪು ಮಾಡಿಕೊಂಡೆ. ನಾನು ಹೇಳುತ್ತಿದ್ದೆ. ಅವಳು ನಿಂತು ಕೇಳುತ್ತಿದ್ದಳು, ಅಡಿಗೆಮನೆಯ ಬಾಗಿಲಿಗೆ ಒರಗಿ.

ಸೆಪ್ಟೆಂಬರ್ ೨೨, ಸೋಮವಾರ

ನಿನ್ನೆಯದ್ದು ಬರೆಯುತ್ತಿದ್ದೇನೆ.

ಕುಶಲಾ ಸೀಮಂತಕ್ಕೆ ಹೋಗಿದ್ದಳು, ಹೋಮ್ ನರ್ಸಿಗೆ ರಜೆ. ಮಧ್ಯಾಹ್ನ ಮೋಹಿನಿಗೆ ನಾನೇ ಬಡಿಸಿದೆ, ಮುಳ್ಳು ಬಿಡಿಸಿ ಕೊಟ್ಟೆ. ಆಮೇಲೆ ಇಬ್ಬರೂ ಜಗಲಿಯಲ್ಲಿ. ಮೇಲ್ದರ್ಜೆಯ ಟ್ಯಾಬಿನ ಕಥೆಯನ್ನು ಹೇಳಿದೆ, ತುಳುವಿನಲ್ಲೇ, ತಡವರಿಸಿ. ಹನ್ನೊಂದು ಖಾನೆ ಬರೆದದ್ದು, ಗಡಿಯಾರ ಹಿಡಿದದ್ದು, ಅವಳು ಬೋರಲು ಹಾಕಿದ್ದು. ಕೇಳಿದಳೋ ಇಲ್ಲವೋ, ಕಡಲಿನ ಕಡೆ ನೋಡುತ್ತಿದ್ದಳು. ನಿನ್ನ ಮಾತನ್ನು ನಾನೇ ತೆಗೆದದ್ದು, ನನ್ನದು ತಪ್ಪಾಯಿತು ಎಂದೂ ಹೇಳಿದೆ. ಅದನ್ನು ಹೇಳಬೇಕೆಂದು ಹೋದದ್ದಲ್ಲ. ಬಂತು.

ಐದು ಗಂಟೆಗೆ ಕುಶಲಾ ಬಂದು ಒಳಗೆ ಸೀರೆ ಬದಲಿಸುತ್ತಿದ್ದಳು. ಐದೂ ಕಾಲರ ಬಸ್ಸಿಗೆಂದು ನಾನು ಚೀಲ ಹಿಡಿದು ಎದ್ದೆ. "ಪೋದು ಬರ್ಪೆ" ಎಂದೆ, ಹೋಗಿ ಬರುತ್ತೇನೆ ಎಂದು. ಚಪ್ಪಲಿಗೆ ಕಾಲು ತೂರಿಸುವಾಗ ಹಿಂದಿನಿಂದ,

"ಚೆನ್ನಪ್ಪ."

ನಿಂತೆ. ಬೊಡ್ಚಿ ಎಂಬ ಚಿತ್ರ ಕೆಳಗಿನ ಮೂಲೆಯಲ್ಲಿದೆ, ಅವಳ ಬೆರಳಿಗೆ ಕಣ್ಣು ಬೇಕಿಲ್ಲ ಅಲ್ಲಿಗೆ ಹೋಗಲು. ಕೇಳಿಸಿಕೊಂಡೇ ಹೋಗೋಣ ಎಂದು ಕಾದೆ. ಬೆರಳು ಆ ಕಡೆಗೇ ಹೋಯಿತು. ಅಲ್ಲಿ ನಿಂತಿತು. ಮತ್ತೆ ಮೇಲೆ ಬಂದು ಹುಡುಕಿತು, ಒಂದೊಂದೇ ಚಿತ್ರ ದಾಟುತ್ತ. ಆಮೇಲೆ ಒತ್ತಿದಳು.

"ಕುಲ್ಲು."

ಮಾತಿನ ಹಿಂದೆ ಯಾರೋ ಬಂಗುಡೆಗೆ ಚೌಕಾಸಿ ಮಾಡುತ್ತಿದ್ದರು. ನನಗೆ ನಂಬಿಕೆ ಬರಲಿಲ್ಲ. "ದಾನೆ?" ಎಂದೆ, ಏನೆಂದು. ಅವಳು ಟ್ಯಾಬನ್ನು ಎಡಗೈಯಿಂದ ಮಡಿಲಿನಿಂದ ಆಚೆ ಇಟ್ಟಳು. ಬಾಯಿ ತೆರೆದಳು. ತುಟಿಯ ಎಡಗಡೆ ತುಂಬ ಕಷ್ಟಪಟ್ಟಿತು, ಕತ್ತಿನ ನರ ಉಬ್ಬಿತು. "ಕು" ಎಂದಳು. ಸ್ವಲ್ಪ ಹೊತ್ತಿನ ಮೇಲೆ "ಲ್ಲು" ಬಂತು.

ಕುಳಿತೆ, ಅವಳ ಕುರ್ಚಿಯ ಹತ್ತಿರ ನೆಲದಲ್ಲಿ. ಒಂದು ಕಾಲಿನಲ್ಲಿ ಚಪ್ಪಲಿ ಹಾಗೇ ಇತ್ತು. ಅಳು ಬಂತು, ತಡೆಯಲಿಲ್ಲ. ಬಸ್ಸು ಹಾರ್ನ್ ಮಾಡಿ ಹೋದದ್ದು ಕೇಳಿಸಿತು. ಆರೂವರೆಗೆ ಇನ್ನೊಂದು ಉಂಟು. ಅದಕ್ಕೂ ಹೋಗಲಿಲ್ಲ.